ನಾಲ್ಕು ಭಾಷೆಯ ಕವಿಗೋಷ್ಠಿಗೆ ನೆರವಾದ ಎಲ್ಲರಿಗೂ ವಂದನೆ

ಮಂಗಳೂರಿನ ನಮ್ಮ ಸೌಹಾರ್ದ ಕವಿಗೋಷ್ಠಿ ಹೇಳಿದ ಹೊತ್ತಿಗೆ ಶುರುವಾಗಿ ಹೇಳಿದ ಹೊತ್ತಿಗೇ ಮುಗಿಯಿತು. ಗೋಷ್ಠಿಗಳಲ್ಲಿ ಕೂತು ಅನುಭವ ಇರುವವರಿಗೆ ಇದರ ಬೆಲೆ ಗೊತ್ತು. ತಲಾ 4 ನಿಮಿಷ, ಹೆಚ್ಚೆಂದರೆ 24 ಸಾಲು, ಪೀಠಿಕೆ ಬೇಡ ಎಂಬ ಕಟ್ಟಳೆಯನ್ನು ಹಿರಿಯ ಕವಿಗಳೂ ಪಾಲಿಸಿದರು. ಕವಿತೆಗಿಂತ ಉದ್ದದ ಪೀಠಿಕೆ ಶುರುವಾದರೆ ಕೊನೆಗೆ ಓದುವ ಕಿರಿಯರ ಪಾಲಿಗೆ ಖಾಲಿ ಕುರ್ಚಿಗಳಷ್ಟೇ ಉಳಿಯುತ್ತವೆ.

ಕವಿತೆ ಆರಿಸಿಕೊಟ್ಟವರಿಗೆ ವಿಶೇಷ ವಂದನೆ. ‘ನಾವೆಲ್ಲ ಒಂದೇ’ ಎಂದು ಸಾರುವ ಪದ್ಯಗಳು ಇಂಥ ಕಾರ್ಯಕ್ರಮಕ್ಕೆ ರಾಶಿ ಬರುತ್ತವೆ. ಅವನ್ನು ಬದಿಗಿಟ್ಟು, ಪಕ್ಕದ ಮನೆಯ ಉಪವಾಸ, ಕ್ರೈಸ್ತರ ಮೊಂತಿ ಹಬ್ಬದ ಹೊಸ ತೆನೆ, ಭೂತಕೋಲದ ರಾತ್ರಿ ಇವುಗಳ ಒಳಗುಟ್ಟು ತಿಳಿದು ಬರೆದವನ್ನು ಅವರು ಎತ್ತಿಕೊಂಡರು. ಇದಕ್ಕೆ ಈ ಊರಲ್ಲೇ ಮೇಲ್ಪಂಕ್ತಿಯಿದೆ. 1883ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ, ಕೊಂಕಣಿ ಮನೆಮಾತಿನ ಮಂಜೇಶ್ವರ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ದಲ್ಲೂ ಬುದ್ಧನ ಕಡೆಯ ದಿನವನ್ನು ‘ವೈಶಾಖಿ’ಯಲ್ಲೂ ಕನ್ನಡ ಕಾವ್ಯವಾಗಿಸಿದರು. ಇನ್ನೊಬ್ಬರ ಶ್ರದ್ಧೆಯ ಬಗ್ಗೆ ಹೊರಗೆ ನಿಂತು ಒಳ್ಳೆಯ ಮಾತಾಡುವುದು ಸುಲಭ. ಅವರು ಒಳಗೆ ಹೊಕ್ಕು ಬರೆದರು.

ಇನ್ನು ಡಿಟಿಪಿ ಮಾಡಿದವರ ಸಹನೆ! ತುಳು, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲ ಕನ್ನಡ ಲಿಪಿಯಲ್ಲೇ ಇದ್ದುದರಿಂದ ಕೆಲಸ ಸಲೀಸು ಅನಿಸಬಹುದು. ವಾಟ್ಸಾಪಿನಲ್ಲಿ ಬಂದ ಯೂನಿಕೋಡ್ ಪಠ್ಯವನ್ನು ಮುದ್ರಣದ ಫಾಂಟಿಗೆ ತರುವಾಗ ಪದದ ನಡುವಿನ ಅರ್ಧಾಕ್ಷರಗಳು (‘ನ್’, ‘ಲ್’ನಂಥವು) ಮುಂದಿನ ಅಕ್ಷರಕ್ಕೆ ಒತ್ತಾಗಿ ಅಂಟಿಕೊಳ್ಳುತ್ತವೆ. ತುಳು, ಕೊಂಕಣಿಗಳಲ್ಲಿ ಇಂಥ ಅರ್ಧಾಕ್ಷರ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಪ್ರತಿ ಪುಟವನ್ನೂ ಆಯಾ ಭಾಷೆಯವರೇ ಕೂತು ತಿದ್ದಿಕೊಟ್ಟರು. ಕೊಂಕಣಿಗಂತೂ ಇಬ್ಬರು ಬೇಕಾದರು, ಕ್ರೈಸ್ತರ ಕೊಂಕಣಿಗೊಬ್ಬರು, ಗೌಡ ಸಾರಸ್ವತ ಬ್ರಾಹ್ಮಣರ (ಜಿಎಸ್‌ಬಿ) ಕೊಂಕಣಿಗೊಬ್ಬರು. ತುಳುವಿನಲ್ಲಿ ಕ್ರಿಯಾಪದದ ಕೊನೆಯ ಎಕಾರ ಅಗಲವಾದರೆ ‘ನಾನು’, ಕಿರಿದಾದರೆ ‘ಅವನು’. ಬರೆಯುವುದು ಮಾತ್ರ ಸಾಮಾನ್ಯವಾಗಿ ಒಂದೇ ಅಕ್ಷರ. ತುಳು ಬಾರದವರು ಓದಿದರೆ ನಾನು ಕ್ಷಮಿಸಿದ್ದು ಅವನು ಕ್ಷಮಿಸಿದ್ದಾಗುತ್ತದೆ. ಆದ್ದರಿಂದ ಬರಲಾಗದ ಕವಿಗಳ ಪದ್ಯವನ್ನು ಮನೆಮಾತಿನವರಿಂದಲೇ ಓದಿಸಿದೆವು. ಓದಿಕೊಟ್ಟವರಿಗೂ ಋಣಿ.

ಅನುವಾದಕರು ವೇದಿಕೆಗೆ ಬರಲೇ ಇಲ್ಲ, ಅವರ ಕೆಲಸ ಎಲ್ಲರ ಕೈಯಲ್ಲಿತ್ತು. ಎ4 ಹಾಳೆಯ ಎಡಕ್ಕೆ ಮೂಲ, ಬಲಕ್ಕೆ ಸಾಲಿಗೆ ಸಾಲು ಕನ್ನಡ, 14 ಪಾಯಿಂಟ್ ಅಕ್ಷರ. ಅನುವಾದವನ್ನೂ ವೇದಿಕೆಯಲ್ಲೇ ಓದಿಸಿದ್ದರೆ ಹೊತ್ತು ಇಮ್ಮಡಿಯಾಗುತ್ತಿತ್ತು, ಲಯವೂ ಮುರಿಯುತ್ತಿತ್ತು.

ದಿನ ಗೊತ್ತುಮಾಡುವಾಗ ಶುಕ್ರವಾರ ಮಧ್ಯಾಹ್ನ, ಆದಿತ್ಯವಾರ ಬೆಳಿಗ್ಗೆ, ರಂಜಾನ್ ತಿಂಗಳು, ಊರ ಜಾತ್ರೆ ಎಲ್ಲವನ್ನೂ ಬಿಡಿಸಿ ಶನಿವಾರ ಮಧ್ಯಾಹ್ನ 3ಕ್ಕೆ ಇಡಿಸಿದ ಹಿರಿಯರಿಗೆ ಕೃತಜ್ಞರು. ಸೂರ್ಯ ಮುಳುಗುವ ಹೊತ್ತಿನ ಮಗ್ರಿಬ್ ನಮಾಜಿನ ಬಾಂಗಿನ ಒಳಗೆ ಮುಗಿದದ್ದರಿಂದ ನಡುವೆ ಎದ್ದುಹೋಗುವ ಸಂಕೋಚ ಯಾರಿಗೂ ಬರಲಿಲ್ಲ. ಸಭಾಂಗಣ ಬಾಡಿಗೆಯಿಲ್ಲದೆ ಕೊಟ್ಟವರಿಗೆ, ಮೆಲುದನಿಯವರು ಬಂದಾಗಲೆಲ್ಲ ಮೈಕ್ ಸರಿಪಡಿಸಿದ ಸೌಂಡ್‌ನ ಹುಡುಗರಿಗೆ, ಗೋಳಿಬಜೆ-ಚಾ ಬಿಸಿಯಾಗಿಯೇ ಕೊಟ್ಟ ಅಡುಗೆಯವರಿಗೆ ವಂದನೆಗಳು.

ಉಳಿದ ಹಾಳೆಗಳನ್ನು ಹೊಲಿದು ಪುಸ್ತಿಕೆ ಮಾಡಿದ್ದೇವೆ. ಶಾಲೆ, ಗ್ರಂಥಾಲಯಗಳವರು ಕೇಳಿದರೆ ಉಚಿತ.