ತೋಟದ ಮನೆಯ ಕೋವಿಗೂ ಬೀಗ ಬೇಕು

ಸಂಪಾದಕರೇ,

ಮೂಡಿಗೆರೆ, ಸಕಲೇಶಪುರ ಕಡೆಯ ಎಷ್ಟೋ ತೋಟದ ಮನೆಗಳಿಗೆ ಮಳೆಗಾಲದಲ್ಲಿ ಬೀಗ. ಮನೆಯವರು ಬೆಂಗಳೂರಿನಲ್ಲಿ, ಕಾಫಿ ಕೊಯ್ಲಿಗೆ ಬಂದು ಒಂದೆರಡು ತಿಂಗಳು ಇದ್ದು ಹೋಗುತ್ತಾರೆ. ಕೋವಿ ಮಾತ್ರ ಅಲ್ಲೇ ಇರುತ್ತದೆ.

ಕಳೆದ ವರ್ಷ ನೆಂಟರ ತೋಟಕ್ಕೆ ಹೋದಾಗ ನೋಡಿದೆ, ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಜೋಡಿ ನಳಿಗೆ ಕೋವಿ, ಪಕ್ಕದ ಗೂಡಿನಲ್ಲಿ ಬಿಸ್ಕತ್ ಡಬ್ಬದ ತುಂಬಾ ಕಾಡತೂಸು, ಅದರ ಕೆಳಗೇ ನಾಲ್ಕು ವರ್ಷದ ಮಗು ಆಡುತ್ತಿತ್ತು. ಎದೆ ಧಸಕ್ಕೆಂದಿತು.

ಕಾಡುಹಂದಿ ಕಾಟಕ್ಕೆ ಕೋವಿ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅದನ್ನು ಭದ್ರವಾಗಿ ಇಡುವ ಹೊಣೆ ಲೈಸೆನ್ಸ್ ಇರುವವರದ್ದೇ. ಕೋವಿಯನ್ನು ಮಡಚಿ ನಳಿಗೆ ಖಾಲಿ ಇದೆಯಾ ಅಂತ ನೋಡಿ, ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಬೀರುವಿನಲ್ಲಿಡಿ. ಕಾಡತೂಸು ಬೇರೆ ಕಡೆ ಇರಲಿ. ಬೀಗದ ಕೈಯನ್ನು ಸುಮ್ನೆ ತೋಟ ನೋಡಿಕೊಳ್ಳುವ ರೈಟರ ಕೈಗೆ ಕೊಟ್ಟು ಹೋಗಬೇಡಿ. ತಿಂಗಳುಗಟ್ಟಲೆ ಬರುವುದಿಲ್ಲ ಅಂದರೆ, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುತ್ತೇವೆ ಅಲ್ವಾ, ಹಾಗೇ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಠೇವಣಿ ಇಡಬಹುದು. ಮಲೆನಾಡಿನ ಮಳೆಗೆ, ಮುಚ್ಚಿದ ಮನೆಯಲ್ಲಿ ತುಕ್ಕು ಹಿಡಿಯುವುದೂ ಜಾಸ್ತಿ.

ನೆಂಟರು ಮೊನ್ನೆ ಬೀರು ತಂದರು. ಮೊಳೆ ಕಿತ್ತು ಹಾಕಿದ್ದಾರೆ.

– ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು