ಯಾರಿಗೆ ಅಂತ ಬರೀಲಿ, ಗುಂಡ?

ಲೋ ಗುಂಡ,

ಫೋನ್ ಮಾಡಿದ್ರೆ ಅರ್ಧಕ್ಕೇ ‘ಮೀಟಿಂಗ್ ಇದೆ ಕಣೋ’ ಅಂತ ಇಟ್ಟುಬಿಡ್ತೀಯ. ಅದಕ್ಕೇ ಎಲ್ಲರೂ ಓದೋ ಹಾಗೆ ಇಲ್ಲೇ ಬರೀತಿದೀನಿ. ನಂಜನಗೂಡು ಪ್ಯಾಸೆಂಜರಿನಲ್ಲಿ ಛತ್ರಿ ಕೇಳಿದೋನು ಯಾರು ಅಂತ ಹೇಳಲ್ಲ, ಹೆದರಬೇಡ.

ಮೊನ್ನೆ ನಮಗೂ ಒಂದು ಮೀಟಿಂಗ್ ಇತ್ತು. ಬಡಾವಣೆಯ ಸಮುದಾಯ ಭವನದಲ್ಲಿ ಕುಂದುಕೊರತೆ ಸಭೆ. ಹಿಂದಿನ ದಿನ ಸಂಜೆಯಿಂದಲೇ ನನ್ನ ಜೆರಾಕ್ಸ್ ಅಂಗಡಿ ಮುಂದೆ ಜನ. ಯುಜಿಡಿ, ಅಂದ್ರೆ ಒಳಚರಂಡಿ, ಕಟ್ಟಿ ಮನೆಯೊಳಗೆ ನೀರು ನುಗ್ಗಿದ್ದು, ಬೀದಿದೀಪ ಹಗಲೆಲ್ಲ ಉರಿದು ರಾತ್ರಿ ಆರೋದು, ಕುಡಿಯೋ ನೀರು ವಾಸನೆ ಬರೋದು, ಎಲ್ಲಾ ನನ್ನ ಕೈಯಲ್ಲೇ ಟೈಪಾಗಬೇಕು. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಅಂತ ಶುರು ಮಾಡಿದ್ರೆ ಸಾಕು, ಮುಂದಿನದು ತಾನೇ ಬರುತ್ತೆ. ಈ ಸಲ ಬೆರಳು ನಿಂತಿದ್ದು ಅದಕ್ಕೂ ಮೊದಲು. ‘ಇವರಿಗೆ’ ಅಂತ ಹೊಡೆದೆ. ಕೆಳಗೆ ಯಾರ ಹೆಸರು?

ಮೈಸೂರು ಪಾಲಿಕೆಯ ಹಿಂದಿನ ಕೌನ್ಸಿಲ್ ಅವಧಿ 2023ರ ನವೆಂಬರಿನಲ್ಲೇ ಮುಗೀತು. 65 ವಾರ್ಡುಗಳ ಊರಿನಲ್ಲಿ ಈಗ ಒಬ್ಬ ಕಾರ್ಪೊರೇಟರೂ ಇಲ್ಲ, ಆಡಳಿತಾಧಿಕಾರಿಗಳ ಆಳ್ವಿಕೆ. ಅವಧಿ ಮುಗಿಯೋದರೊಳಗೆ ಚುನಾವಣೆ ಆಗಲೇಬೇಕು ಅಂತ ಸಂವಿಧಾನದ 243ಯು ವಿಧಿ ಹೇಳುತ್ತೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಊರಿಗೆ ವಾರ್ಡ್ ಸಮಿತಿಗಳು ಇರಬೇಕು ಅಂತ 243ಎಸ್ ವಿಧಿ ಹೇಳುತ್ತೆ. ನಮ್ಮ ರಾಜ್ಯದ ಕಾನೂನಿನ ಪ್ರಕಾರ ಆ ಸಮಿತಿಯ ಅಧ್ಯಕ್ಷ ಕಾರ್ಪೊರೇಟರೇ. ಅವನೇ ಇಲ್ಲದ ಮೇಲೆ ಆ ಕುರ್ಚಿಯಲ್ಲಿ ಕೂರೋದು ಯಾರು?

ಸಭೆ ಕೆಟ್ಟದಾಗಿ ನಡೀತು ಅಂತಲ್ಲ ಕಣೋ. ಬಂದಿದ್ದ ಎಂಜಿನಿಯರು ಪಾಪ ಎಲ್ಲವನ್ನೂ ಡೈರಿಯಲ್ಲಿ ಬರ್ಕೊಂಡ್ರು. ಅಂದಾಜು ಪಟ್ಟಿ ಕಳಿಸಿದೀವಿ, ಅನುದಾನ ಬರಬೇಕು ಅಂದ್ರು. ಹೂವು ಕಟ್ಟೋ ಜಯಮ್ಮ ಅರ್ಜಿ ಗಿರ್ಜಿ ಏನೂ ಇಲ್ಲದೆ ಎದ್ದು ನಿಂತು, ‘ಸ್ವಾಮಿ, ನೀರು ಬಿಡೋ ಹೊತ್ತು ಯಾವುದು ಅಂತ ಒಂದು ಮಾತು ಹೇಳ್ಬುಡಿ, ರಾತ್ರಿಯೆಲ್ಲ ನಲ್ಲಿ ಕಾಯ್ಕೊಂಡು ಕೂತ್ರೆ ಬೆಳಗ್ಗೆ ಮಾರ್ಕೆಟ್ಟಿಗೆ ಹೋಗೋದು ಹೆಂಗೆ’ ಅಂದಳು. ಅವತ್ತು ಕೇಳಿದ ಎಲ್ಲದಕ್ಕಿಂತ ಸರಿಯಾದ ಪ್ರಶ್ನೆ ಅದೇ. ಹೈದರಾಲಿ ರಸ್ತೆ ಮರಗಳ ಮಾತೂ ಬಂತು. 2025ರ ಏಪ್ರಿಲಿನಲ್ಲಿ ರಾತ್ರೋರಾತ್ರಿ ಉರುಳಿಸಿದ್ರಲ್ಲ, ಅವು. ಐವತ್ತಕ್ಕಿಂತ ಹೆಚ್ಚು ಮರ ಕಡಿಯೋದಾದರೆ ಜನರ ಆಕ್ಷೇಪಣೆ ಕೇಳಬೇಕು ಅನ್ನುತ್ತೆ ಮರ ಸಂರಕ್ಷಣೆ ಕಾಯ್ದೆ. ಅಲ್ಲಿ ಬಿದ್ದಿದ್ದು 40. ಆಮೇಲೆ ಜನ ಹೋಗಿ ಮೇಣದಬತ್ತಿ ಹಚ್ಚಿದ್ರು. ಮರ ನಿಂತಿರುವಾಗಲೇ ನಮ್ಮನ್ನು ಒಂದು ಮಾತು ಕೇಳೋರು ಯಾರಿದ್ರು ಹೇಳು?

ಕೊನೇ ಸಾಲಿನಿಂದ ನಮ್ಮ ಮೇಷ್ಟ್ರು ಎದ್ರು. ಗೊತ್ತಲ್ಲ, ಎದ್ದರೆ ಬೇಗ ಕೂರಲ್ಲ. 1881ರ ದಸರೆಗೆ ದಿವಾನ್ ರಂಗಾಚಾರ್ಲು ಇದೇ ಊರಿಗೆ 144 ಜನರನ್ನು ಕರೆಸಿ ಪ್ರಜಾಪ್ರತಿನಿಧಿ ಸಭೆ ಕೂಡಿಸಿದ್ದನ್ನ ಹೇಳಿದ್ರು. ಆ ಸಭೆಗೆ ಕಾನೂನು ಮಾಡೋ ಅಧಿಕಾರ ಇರಲಿಲ್ಲ, ಸದಸ್ಯರು ಆರಿಸಿ ಬಂದವರೂ ಅಲ್ಲ. ಆದ್ರೂ ತಾಲ್ಲೂಕುಗಳ ರೈತರು, ವ್ಯಾಪಾರಿಗಳು ಬಂದು ತಮ್ಮ ಕಡೆಯ ಕಷ್ಟ ಹೇಳ್ಕೊಂಡ್ರು. ಆಮೇಲೆ ಮೇಷ್ಟ್ರು ಎಂಜಿನಿಯರ ಕಡೆ ತಿರುಗಿ, ‘ನಮ್ಮ ವಾರ್ಡಿಗೆ ಈಗ ಯಾರು ಸ್ವಾಮಿ?’ ಅಂದ್ರು. ಅವರು ಉತ್ತರ ಕೊಡಲಿಲ್ಲ. ಅದು ಅವರು ಕೊಡಬೇಕಾದ ಉತ್ತರವೂ ಅಲ್ಲ.

ನಮ್ಮ ಹಳೇ ಕಾರ್ಪೊರೇಟರ್ ಎಂಥ ಕೆಲಸಗಾರ ಅನ್ನೋದು ನಿನಗೂ ಗೊತ್ತು, ಹೊಗಳಕ್ಕೆ ಹೊರಟಿಲ್ಲ. ಆದರೆ ಅವನ ಮನೆ ಎರಡು ಕ್ರಾಸ್ ಆಚೆ ಇತ್ತು. ಬೆಳಗ್ಗೆ ಹಾಲು ತರೋಕೆ ಹೋದವರು ಅವನ ಗೇಟು ಬಡಿದು ಬೈದು ಬರ್ತಿದ್ರು. ಮದುವೆಗೆ ಬರ್ತಿದ್ದ, ಸಾವಿಗೂ ಬರ್ತಿದ್ದ. ಅಧಿಕಾರಿ ಒಳ್ಳೆಯವರೇ ಇರಬಹುದು, ನಮಗಾಗಿ ನಿದ್ದೆಗೆಡಲೂಬಹುದು. ಆದರೆ ಅವರಿಗೆ ನಮ್ಮ ಓಟು ಬೇಡ. ವರ್ಗ ಆದರೆ ನಮ್ಮ ಕಷ್ಟ ಹಳೇ ಡೈರಿಯಲ್ಲೇ ಉಳಿಯುತ್ತೆ.

ನನ್ನ ಸರದಿ ಬಂತು. ಚರಂಡಿ ಮೇಲಿನ ಚಪ್ಪಡಿ ಒಡೆದಿರೋದನ್ನ ಹೇಳಿ ಮೈಕು ಕೊಟ್ಟುಬಿಡೋಣ ಅಂತಿದ್ದೆ. ಬಾಯಿಂದ ಬಂದಿದ್ದು ಅಮ್ಮನ ವಿಷಯ. ಸಂಕ್ರಾಂತಿ ಹೊತ್ತಿಗೆ ಅದೇ ಚಪ್ಪಡಿ ಮೇಲೆ ಬಿದ್ದು ಮಣಿಕಟ್ಟು ಮುರ್ಕೊಂಡಳು. ಕೈ ಕೂಡಿದೆ. ಆಷಾಢ ಶುಕ್ರವಾರ ಬಂತು ಅಂದರೆ ನಾಲ್ಕು ಗಂಟೆಗೆದ್ದು ಬೆಟ್ಟದ ಬಸ್ಸಿಗೆ ಓಡ್ತಿದ್ದವಳು ಈ ವರ್ಷ ಗೇಟು ದಾಟಿಲ್ಲ ಗುಂಡ. ಕಲ್ಲು ಹಾಗೇ ಇದೆ. ‘ನಿಮ್ಮ ದೂರು ಪರಿಹಾರವಾಗಿದೆ’ ಅಂತ ಮೆಸೇಜು ಮಾತ್ರ ಬಂದಿದೆ. ಇದನ್ನ ಹೇಳ್ತಾ ಗಂಟಲು ಕಟ್ಟಿತು. ಜಯಮ್ಮ ನನ್ನ ಕೈಯಿಂದ ಮೈಕು ಇಸ್ಕೊಂಡಳು.

ನೀವೆಲ್ಲ ಹೊರಟಾಗ ಅಮ್ಮನಿಗೋಸ್ಕರ ಇಲ್ಲೇ ಇರ್ತೀನಿ ಅಂದಿದ್ದೆನಲ್ಲ. ಅದು ಅರ್ಧ ನಿಜ. ಈ ಊರಲ್ಲಿ ಕೂಗಿದರೆ ಯಾರಾದರೂ ‘ಏನಯ್ಯ’ ಅಂತ ತಿರುಗಿ ನೋಡ್ತಾರೆ ಅನ್ನೋ ಧೈರ್ಯದ ಮೇಲೆ ಉಳಿದೆ. ಆ ಧೈರ್ಯ ಸಡಿಲ ಆಗ್ತಿದೆ. ರಾತ್ರಿ ನಿದ್ದೆ ಬರದೆ ಇರೋದು ಅದಕ್ಕೇ. ಇಷ್ಟು ಬರೆಯೋ ಯೋಚನೆ ಇರಲಿಲ್ಲ, ಈಗ ಅಳಿಸೋದೂ ಇಲ್ಲ.

ಸರಿ ಸಾಕು, ಅಮ್ಮನ ಕಣ್ಣಿಗೆ ಬಿದ್ದರೆ ಊರಿಗೆಲ್ಲ ನನ್ನ ಕೈ ವಿಷಯ ಸಾರಿದ್ಯಾ ಅಂತಾಳೆ. ಮುಂದಿನ ವಾರ ಮೇಷ್ಟ್ರು, ಜಯಮ್ಮ, ನಾನು ಮನೆಮನೆಗೆ ಹೋಗಿ ಸಹಿ ಸಂಗ್ರಹ ಮಾಡ್ತೀವಿ, ಚುನಾವಣೆ ನಡೆಸಿ ಅಂತ. ನಿನ್ನ ಓಟು ಇನ್ನೂ ಇದೇ ವಾರ್ಡಿನಲ್ಲಿದೆ, ನಾನೇ ಪಟ್ಟಿ ನೋಡಿದೆ. ದಸರೆಗೆ ಬಂದಾಗ ಸಹಿ ಹಾಕು. ಪುಣೆಯಿಂದ ಬಾಕರವಡಿ ತರೋದು ಮರೀಬೇಡ, ಎರಡು ಪ್ಯಾಕೆಟ್ಟು. ಒಂದು ಅಮ್ಮನಿಗೆ, ಇನ್ನೊಂದು ಛತ್ರಿಯವನಿಗೆ.

ನಿನ್ನ,
ಜೆರಾಕ್ಸ್