ಸಣ್ಣ ಗಾಡಿಯ ಪೆಟ್ಟು ಸಣ್ಣದಲ್ಲ

ಮಾನ್ಯ ಸಂಪಾದಕರೇ,

ದೊಡ್ಡ ಮಳಿಗೆಗಳಲ್ಲಿ ಸರಕು ಸಾಗಿಸುವ, ಹಿಡಿ ಹಿಡಿದು ನಡೆಸುವ ಬ್ಯಾಟರಿ ಪ್ಯಾಲೆಟ್ ಟ್ರಕ್, ಮುಂದಿನ ಕವಲುಗಳಿಂದ ಸರಕು ಎತ್ತುವ ಫೋರ್ಕ್‌ಲಿಫ್ಟ್‌ಗಳನ್ನು ಯಾರೂ ವಾಹನವೆಂದು ಎಣಿಸುವುದಿಲ್ಲ. ರಸ್ತೆಯಲ್ಲಿ ಗುದ್ದಿದರೆ ಅಪಘಾತ, ಮಳಿಗೆಯೊಳಗೆ ಗುದ್ದಿದರೆ ‘ಕಾಲಿಗೆ ಸ್ವಲ್ಪ ತಾಗಿತು’. ಹಲವು ವರ್ಷ ದಾಸ್ತಾನು ವಿಭಾಗದಲ್ಲಿ ದುಡಿದ ನಾನೂ ಹಾಗೆಯೇ ಹೇಳುತ್ತಿದ್ದೆ, ನನ್ನ ಹಿಮ್ಮಡಿಗೇ ಬಡಿಯುವವರೆಗೆ.

ಆ ದಿನ ಬ್ಯಾಟರಿ ಗಾಡಿಯ ಹಿಡಿ ಹಿಡಿದು, ಅದಕ್ಕೆ ಬೆನ್ನು ಹಾಕಿ ನಡೆಯುತ್ತಿದ್ದೆ. ತಿರುವಿನಲ್ಲಿ ಗ್ರಾಹಕರೊಬ್ಬರ ತಳ್ಳುಗಾಡಿ ಅಡ್ಡ ಬಂತು. ನಾನು ಗಕ್ಕನೆ ನಿಂತೆ, ಗಾಡಿ ನಿಲ್ಲಲಿಲ್ಲ. ಗಂಟೆಗೆ 5 ಕಿ.ಮೀ. ಎಂದರೆ ಬರೀ ನಡಿಗೆಯ ವೇಗ. ಆದರೂ ಒಂದು ಸೆಕೆಂಡಿನಲ್ಲಿ ಗಾಡಿ ಸುಮಾರು 1.4 ಮೀಟರ್ ಮುಂದೆ ಬಂದಿರುತ್ತದೆ, ಮೇಲೆ ಒಂದು ಟನ್ ಸರಕು ಹೊತ್ತು. ಸುರಕ್ಷತಾ ಬೂಟಿನ ಮುಂಭಾಗದ ಗಟ್ಟಿ ಕವಚ 200 ಜೂಲ್ ಪೆಟ್ಟನ್ನು, ಅಂದರೆ ಸುಮಾರು 20 ಕೆ.ಜಿ. ತೂಕ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟನ್ನು, ತಡೆಯಬಲ್ಲದು, ಆದರೆ ಅದು ಬೆರಳುಗಳಿಗೆ ಮಾತ್ರ. ಹಿಮ್ಮಡಿಯ ಸ್ನಾಯುರಜ್ಜುವಿಗೆ ಕಾಲುಚೀಲವೇ ಗತಿ! ಇಂಥ ಗಾಡಿಗಳ ಹಿಡಿಯ ತುದಿಯಲ್ಲಿ, ಮೈಗೆ ಒತ್ತಿದೊಡನೆ ಗಾಡಿಯನ್ನು ಹಿಂದಕ್ಕೆ ಸರಿಸುವ ಗುಂಡಿಯೊಂದು ಇರುತ್ತದೆ. ಅದು ನನಗೆ ತಿಳಿದದ್ದು ಪೆಟ್ಟಾದ ಮೇಲೆ. ನನಗೆ ಸಿಕ್ಕಿದ ತರಬೇತಿ ಅಷ್ಟು.

ಫೋರ್ಕ್‌ಲಿಫ್ಟ್‌ನದು ಇನ್ನೊಂದು ಕಥೆ. ಅದು ತಿರುಗುವುದು ಹಿಂದಿನ ಚಕ್ರಗಳಿಂದ. ಮುಂಭಾಗ ಎಡಕ್ಕೆ ಹೊರಳಿದರೆ ಹಿಂಭಾಗ ಬಲಕ್ಕೆ ಬೀಸುತ್ತದೆ. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಡಬ್ಬ ಜೋಡಿಸುವ ಹೊಸ ಹುಡುಗನಿಗೆ ಇದನ್ನು ಯಾರು ಹೇಳಿರುತ್ತಾರೆ?

ಗಾಯವಾದಾಗ ವರದಿಯಲ್ಲಿ ಬರೆಯುವುದು ‘ನೌಕರನ ಅಜಾಗರೂಕತೆ’ ಎಂದು. ಬೆನ್ನು ಹಾಕಿ ನಡೆದದ್ದು ನನ್ನ ತಪ್ಪೇ, ಒಪ್ಪುತ್ತೇನೆ. ಆದರೆ ಜನ ತುಂಬಿದ ಹೊತ್ತಿನಲ್ಲಿ, ಇಕ್ಕಟ್ಟಾದ ಸಾಲಿನಲ್ಲಿ, ಕಪಾಟು ಖಾಲಿ ಕಾಣಬಾರದೆಂದು ಅವಸರಪಡಿಸಿದ್ದು ಯಾರ ತಪ್ಪು? ಬಾಗಿಲು ಹಾಕಿದ ಮೇಲೆ ಸರಕು ತುಂಬಿಸಬಹುದು. ಅದಾಗದಿದ್ದರೆ ಗಾಡಿ ಇರುವಷ್ಟು ಹೊತ್ತು ಸಾಲಿನ ಎರಡೂ ತುದಿಗೆ ತಡೆ ಹಾಕಬಹುದು. ಸುರಕ್ಷಿತ ಕೆಲಸದ ವಾತಾವರಣವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2022ರಲ್ಲಿ ದುಡಿಯುವವರ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿದೆ. ಒಂದು ಹಗ್ಗ ಕಟ್ಟುವುದಕ್ಕೆ ಅಷ್ಟು ದೊಡ್ಡ ಮಾತೂ ಬೇಕಿಲ್ಲ.

ಗಾಯವಾಗದೆ ತಪ್ಪಿದ ಘಟನೆಗಳನ್ನೂ ದಾಖಲಿಸಬೇಕು. ನಾನು ಬಿದ್ದ ತಿರುವಿನಲ್ಲಿ ಅದಕ್ಕೂ ಮೊದಲು ಎರಡು ಬಾರಿ ಗಾಡಿ ಬಡಿದು ಕಪಾಟಿನ ಕಾಲು ಬಗ್ಗಿತ್ತು. ಎರಡು ಸಲವೂ ಕಪಾಟನ್ನು ಬದಲಾಯಿಸಿದರು, ಪುಸ್ತಕದಲ್ಲಿ ಒಂದು ಸಾಲೂ ಬರೆಯಲಿಲ್ಲ.

– ಒಬ್ಬ ನಿವೃತ್ತ ಮಳಿಗೆ ನೌಕರ